ಬುತ್ತಿ ಹೊತ್ತವಳಿಗೆ ಹೆದರದ ಚಿಗರಿ

ನಾನು ಸೊಸೆಯಾಗಿ ಬಂದ ಮನೆಯಲ್ಲಿ ಕಾಡುಪ್ರಾಣಿಗೆ ಹೆದರುವವರು ಯಾರೂ ಇರಲಿಲ್ಲ. ಪ್ರಾಣಿ ಕಾಣದೆ ಹೋದರೆ ಮುಂದೇನು ಎಂಬುದೇ ಅಲ್ಲಿಯ ಹೆದರಿಕೆ. ನನ್ನ ಗಂಡ ಸಾಹೇಬರಿಗೆ ಶಿಕಾರಿ ತೋರಿಸುವ ಕೆಲಸದವರು. ಆಗ ನಮ್ಮದು ನಿಜಾಮರ ರಾಜ್ಯ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆಯ ಅಧಿಕಾರಿಗಳು ಊರೂರು ಸುತ್ತುವ ದೌರೆಗೆ ಬಂದಾಗ ಅವರ ಜೊತೆ ಹೈದರಾಬಾದಿನ ನೆಂಟರು ಬಂದೂಕು ಹಿಡಿದು ಬರುತ್ತಿದ್ದರು. ಕುಕನೂರಿನಿಂದಾಚೆ ನಮ್ಮ ಎರೆನೆಲದ ಬಯಲಿನಲ್ಲಿ ಚಿಗರಿ, ಅಂದರೆ ಕೃಷ್ಣಮೃಗದ, ಹಿಂಡು ಇವತ್ತು ಎಲ್ಲಿ ಮೇಯುತ್ತಿದೆ, ಗಾಳಿ ಯಾವ ಕಡೆಯದು, ಎಲ್ಲಿಂದ ಹತ್ತಿರ ಹೋದರೆ ಗುರಿ ಸಿಗುತ್ತದೆ ಎಂದು ಕರೆದೊಯ್ದು ತೋರಿಸಬೇಕಾದವರು ಇವರು. ಪಗಾರ ಅಂತ ಏನೂ ಇರಲಿಲ್ಲ. ಅದರ ಬದಲು ನಮ್ಮ ಮನೆಗೆ ಬಿಟ್ಟಿ ಮಾಫಿಯಾಗಿತ್ತು.

ಬಿಟ್ಟಿ ಎಂದರೇನೆಂದು ಇವತ್ತಿನವರಿಗೆ ತಿಳಿಸಿ ಹೇಳುವುದು ಕಷ್ಟ. ಚಾವಡಿಯಿಂದ ಹುಕುಮು ಬಂತೆಂದರೆ ಕೂರಿಗೆಯನ್ನು ಹೊಲದಲ್ಲೇ ಬಿಟ್ಟು ಓಡಬೇಕು. ಅಧಿಕಾರಿಯ ಪೆಟ್ಟಿಗೆ ಹೊರಬೇಕು, ಕುದುರೆಗೆ ಹುಲ್ಲು ಕೊಯ್ಯಬೇಕು, ಡೇರೆಗೆ ನೀರು ತುಂಬಬೇಕು. ಅಷ್ಟರಲ್ಲಿ ಬಿತ್ತುವ ಹದ ಹಾರಿ ಹೋದರೆ ಕೇಳುವವರಿಲ್ಲ. ನನ್ನ ಮಾವ ಪ್ರಾಯದಲ್ಲಿ ಹಾಗೆ ಒಂದು ಪೆಟ್ಟಿಗೆ ಹೊತ್ತು ಹಿಟ್ನಾಳದ ದಾರಿಯಲ್ಲಿ ಬಿದ್ದು ಸೊಂಟ ಕಳಕೊಂಡರಂತೆ. ಆಮೇಲೆ ಅವರು ನೆಟ್ಟಗೆ ನಿಂತದ್ದೇ ಇಲ್ಲ. ಬಾಗಿದ ಬೆನ್ನಿನಲ್ಲೇ ಬಯಲು ಸುತ್ತಿ ಚಿಗರಿಯ ಜಾಡು ಕಲಿತು, ಸಾಹೇಬರುಗಳಿಗೆ ಬೇಕಾದವರಾಗಿ, ಮನೆಗೆ ಆ ಮಾಫಿಯನ್ನು ಸಂಪಾದಿಸಿ ತೀರಿಕೊಂಡರು. ನನ್ನ ಗಂಡನಿಗೆ ಅವರಿಂದ ಬಂದ ಆಸ್ತಿ ಎಂದರೆ ಅದೇ.

ಬೇರೆ ಮನೆಗಳಲ್ಲಿ ಅತ್ತೆಯಂದಿರು ಸೊಸೆಗೆ ಮಕ್ಕಳಾಗಲಿ ಎಂದು ಹರಕೆ ಹೊರುತ್ತಿದ್ದರು. ನಮ್ಮತ್ತೆ ಚಿಗರಿಗೆ ಮರಿಯಾಗಲಿ ಎಂದು ಹರಕೆ ಹೊರುತ್ತಿದ್ದರು. ನಮ್ಮ ಕಡಲೆ ಹೊಲಕ್ಕೆ ಹಿಂಡು ನುಗ್ಗಿತೆಂದು ನಾನು ಕಲ್ಲು ಎತ್ತಿದರೆ ಕೈ ಹಿಡಿಯುತ್ತಿದ್ದರು.

"ಬಿಡ ತಂಗಿ, ಮೇಯ್ಲಿ. ನಾಕ ಸಾಲು ಕಡ್ಲಿ ಹೋದ್ರ ಹೋಗ್ಲಿ. ಅವು ಇದ್ರ ನಾವು."

ಚಿಗರಿ ಮನುಷ್ಯನನ್ನು ಕಂಡರೆ ಓಡುತ್ತದೆ, ಎತ್ತಿನ ಚಕ್ಕಡಿಯನ್ನು ಕಂಡರೆ ಓಡುವುದಿಲ್ಲ. ಹುಟ್ಟಿದಾಗಿನಿಂದ ಚಕ್ಕಡಿ ನೋಡುತ್ತ ಬೆಳೆದ ಪ್ರಾಣಿ ಅದು. ಆದ್ದರಿಂದ ಗಾಲಿಯ ಮರೆಯಲ್ಲಿ ಸಾಹೇಬರನ್ನು ನಡೆಸಿಕೊಂಡು ಹೋಗಬೇಕು. ನೇರವಾಗಿ ಹಿಂಡಿನ ಮೇಲೆ ಹೊಡೆದುಕೊಂಡು ಹೋಗುವಂತಿಲ್ಲ. ಕುಕನೂರು ಸಂತೆಗೆ ಹೊರಟವರ ಹಾಗೆ ಪಕ್ಕದಲ್ಲಿ ಹಾಯಬೇಕು, ಸುತ್ತು ಹಾಕಬೇಕು, ಒಂದೊಂದು ಸುತ್ತಿಗೂ ತುಸು ತುಸು ಹತ್ತಿರ ಸರಿಯಬೇಕು. ಚಕ್ಕಡಿ ನಿಲ್ಲಕೂಡದು, ನಿಂತ ಚಕ್ಕಡಿಗೆ ಅವು ಸಂಶಯಪಡುತ್ತವೆ. ಸಾಹೇಬರು ನಿಂತು ಗುರಿ ಹಿಡಿಯಬೇಕು, ಚಕ್ಕಡಿ ತನ್ನ ಪಾಡಿಗೆ ಮುಂದೆ ಹೋಗುತ್ತಿರಬೇಕು. ಎತ್ತು ಹೊಡೆಯುತ್ತ, ಗಾಳಿ ನೋಡುತ್ತ, ಸಾಹೇಬರ ತಲೆ ಗಾಲಿಗಿಂತ ಮೇಲೆ ಬಾರದಂತೆ ಸನ್ನೆ ಮಾಡುತ್ತ ಇವರು ನಡೆಯುವುದನ್ನು ನಾನು ದೂರದಿಂದ ನೋಡಿದ್ದೇನೆ. ಮನೆಯಲ್ಲಿ ನನ್ನ ಮೇಲೆ ರೇಗುವ ಮನುಷ್ಯ ಇವರೇನಾ ಅನ್ನಿಸುತ್ತಿತ್ತು, ಅಷ್ಟು ತಾಳ್ಮೆ.

ಒಂದು ಸಲ ಯಾರೋ ದೊಡ್ಡ ಸಾಹೇಬರು ಬರುತ್ತಾರೆಂದು ಅತ್ತೆ ಮರ್ಯಾದೆಗಾಗಿ ಚಕ್ಕಡಿಯ ಗಾಲಿಗಳಿಗೆ ಹೊಟ್ಟೆ ತುಂಬ ಕೀಲೆಣ್ಣೆ ಹಾಕಿಸಿಬಿಟ್ಟರು. ವರ್ಷವಿಡೀ ಕಿರ್ರೋ ಎಂದು ಅರಚುತ್ತಿದ್ದ ಗಾಲಿ ಆವತ್ತು ಬಾಯಿ ಬಿಡಲಿಲ್ಲ. ಸಪ್ಪಳವಿಲ್ಲದ ಚಕ್ಕಡಿ ಬಯಲಿನಲ್ಲಿ ಸರಿದು ಬರುವುದನ್ನು ಕಂಡದ್ದೇ ಹಿಂಡು ಕಿತ್ತೆದ್ದು ಹೋಯಿತು. ಇವರು ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತರು.

"ಸಾಹೇಬರ ಕಿವಿಗಿ ತ್ರಾಸ ಆಗಬಾರದು ಅಂತ ಹಾಕಿಸಿದ್ನಪ್ಪಾ" ಎಂದರು ಅತ್ತೆ. "ಚಿಗರಿ ಕಿವಿ ವಿಚಾರ ಯಾರು ಮಾಡ್ಯಾರ?"

ಮರುದಿನ ಗಾಲಿಯ ಎಣ್ಣೆಯನ್ನು ಬೂದಿ ಹಾಕಿ ಒರೆಸಿದೆವು. ಅದೃಷ್ಟಕ್ಕೆ ಆ ಸಾಹೇಬರು ಇನ್ನೂ ಒಂದು ದಿನ ಉಳಿದಿದ್ದರು, ಗುರಿಯೂ ಸಿಕ್ಕಿತು. ಈಗ ನಗು ಬರುತ್ತದೆ. ಆವತ್ತು ಆ ಒಂದು ದಿನ ನಮ್ಮ ಮನೆಯಲ್ಲಿ ಯಾರ ಗಂಟಲಿನಲ್ಲೂ ರೊಟ್ಟಿ ಇಳಿಯಲಿಲ್ಲ.

ನನಗೂ ಆ ಹಿಂಡಿಗೂ ಬೇರೆಯೇ ಒಂದು ಸಂಬಂಧವಿತ್ತು. ನಮ್ಮ ಹೊಲ ಊರಿಗೆ ದೂರ. ನಡುವೆ ಗಾಯರಾಣ, ಅಂದರೆ ಊರ ದನ ಮೇಯುವ ಹುಲ್ಲುಬಯಲು. ಅಲ್ಲಲ್ಲಿ ಕಾರಿಮುಳ್ಳಿನ ಕಂಟಿ, ಒಂದೆರಡು ಹಳ್ಳದ ಕೊರಕಲು, ಬಿಟ್ಟರೆ ಮರವೆಂಬುದಿಲ್ಲ. ಬಿಸಿಲೇರಿದ ಮೇಲೆ ರೊಟ್ಟಿ, ಪುಂಡಿಪಲ್ಲೆ, ಮೊಸರಿನ ಗಡಿಗೆ ಎಲ್ಲ ಇಟ್ಟ ಬುತ್ತಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಾನೊಬ್ಬಳೇ ಆ ಬಯಲು ದಾಟಿ ಹೋಗುತ್ತಿದ್ದೆ. ಹಿಂಡು ದಾರಿಯ ಪಕ್ಕದಲ್ಲೇ ಇರುತ್ತಿತ್ತು. ಕಂದು ಬಣ್ಣದ ಹೆಣ್ಣುಗಳು, ಅವುಗಳ ನಡುವೆ ಸುರುಳಿ ಕೊಂಬಿನ ಕರಿ ಗಂಡು. ನನ್ನನ್ನು ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಿದ್ದವು. ಬುತ್ತಿ ಹೊತ್ತ ಹೆಂಗಸು ಎಂದೂ ಅವುಗಳಿಗೆ ಕೇಡು ಮಾಡಿರಲಿಲ್ಲ, ಅಷ್ಟೇ.

ಮದುವೆಯಾದ ಹೊಸತರಲ್ಲಿ ಒಂದು ದಿನ ನಾನು ಹಾಗೆ ಹೋಗುತ್ತಿರುವಾಗ ಹಿಂಡು ಒಮ್ಮೆಲೆ ತಲೆಯೆತ್ತಿತು. ನನ್ನ ಕಡೆಗಲ್ಲ. ಎಲ್ಲವೂ ಕಂಟಿಯ ಕಡೆಗೆ ಮೋರೆ ತಿರುಗಿಸಿ ನಿಂತಿದ್ದವು. ನಾನೂ ನಿಂತೆ. ಸ್ವಲ್ಪ ಹೊತ್ತಿಗೆ ಆ ಕಂಟಿಯಿಂದ ಎರಡು ತೋಳಗಳು ಹೊರಬಂದು, ಗುಟ್ಟು ಬಯಲಾಯಿತಲ್ಲ ಎಂದೋ ಏನೋ, ಹಳ್ಳದ ಕಡೆಗೆ ಇಳಿದು ಹೋದವು. ನಾನು ಮನೆಗೆ ವಾಪಸು ಬಂದು ಅತ್ತೆಗೆ ಹೇಳಿದೆ.

"ಈಗ ತಿಳೀತಿಲ್ಲ?" ಎಂದರು ಅತ್ತೆ. "ಅವು ಮೇಯ್ತಿದ್ರ ನಡಿ. ಅವು ತಲಿ ಎತ್ತಿದ್ರ ನಿಂದ್ರು. ಓಡಿದ್ರ ಹೊಳ್ಳಿ ಬಾ. ತ್ವಾಳ ಇರ್ಲಿ, ಮನಶ್ಯಾನ ಇರ್ಲಿ, ನಿನಗಿಂತ ಮೊದ್ಲು ಅವಕ್ಕ ಗೊತ್ತಾಗತೈತಿ. ನಾನೂ ಹಂಗ ನಡದಾಕಿನ ಈ ದಾರಿ."

ಅವತ್ತಿನಿಂದ ನಾನು ಆ ಬಯಲಿನಲ್ಲಿ ಹೆದರದೆ ನಡೆದೆ. ಪ್ರಾಯದ ಹೆಂಗಸು ಒಬ್ಬಳೇ ನಡೆಯುವಾಗ ತೋಳಕ್ಕಿಂತ ಕಂಟಿಯ ಹಿಂದೆ ಕೂತ ಗಂಡಸಿನ ಭಯ ಹೆಚ್ಚು. ಇದನ್ನು ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಿಲ್ಲ. ಹಿಂಡು ತಲೆ ತಗ್ಗಿಸಿ ಮೇಯುತ್ತಿದ್ದರೆ ಅಲ್ಲಿ ಯಾರೂ ಇಲ್ಲ. ಅದಕ್ಕಿಂತ ಒಳ್ಳೆಯ ಕಾವಲು ನನಗೆ ಯಾರೂ ಕೊಟ್ಟಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವ ಸುಮಾರಿಗೆ ಸಾಹೇಬರುಗಳು ಮೋಟಾರಿನಲ್ಲಿ ಬರತೊಡಗಿದರು. ಎರೆನೆಲ ಒಣಗಿದಾಗ ಮೋಟಾರು ಬಯಲಿನ ಮೇಲೆಲ್ಲ ಓಡುತ್ತದೆ. ಹಿಂಡಿನ ಜೊತೆ ಓಡಿಸಿಕೊಂಡು ಹೋಗಿ, ಕೂತಲ್ಲಿಂದಲೇ ಹೊಡೆಯುತ್ತಿದ್ದರು. ಹೆಣ್ಣು, ಮರಿ ಎಂಬ ಭೇದ ಇರಲಿಲ್ಲ. ಮೋಟಾರಿನ ಸಾಹೇಬರಿಗೆ ದಾರಿ ತೋರಿಸುವವನೂ ಬೇಕಾಗಿರಲಿಲ್ಲ. ಇವರನ್ನು ಮೋಟಾರಿನ ಪಕ್ಕದ ಹಲಗೆಯ ಮೇಲೆ ನಿಲ್ಲಿಸಿಕೊಂಡು ಹೋಗುತ್ತಿದ್ದರು, ಬಿದ್ದ ಪ್ರಾಣಿಯನ್ನು ಎತ್ತಿ ಹಾಕುವುದಕ್ಕೆ. ಇವರು ಸಂಜೆ ಮೈತುಂಬ ಧೂಳಾಗಿ ಮನೆಗೆ ಬರುತ್ತಿದ್ದರು. ಯುದ್ಧ ಬಲಿತು ಪೆಟ್ರೋಲು ಸಿಗದಂತಾದಾಗ ಮತ್ತೆ ಚಕ್ಕಡಿ ಕಟ್ಟುವ ಕಾಲ ಬಂತು. ಆದರೆ ಅಷ್ಟರಲ್ಲಿ ಹಿಂಡು ಅರ್ಧಕ್ಕರ್ಧ ಆಗಿತ್ತು, ಉಳಿದವು ಚಕ್ಕಡಿಯನ್ನೂ ಅರ್ಥ ಮಾಡಿಕೊಂಡಿದ್ದವು. ಗಾಲಿ ಎಷ್ಟೇ ಅರಚಲಿ, ಚಕ್ಕಡಿ ಕಂಡರೆ ಸಾಕು, ಕಿವಿ ನಿಗುರಿಸಿ ದೂರ ಸರಿಯುತ್ತಿದ್ದವು. ಊರಿನವರಿಗೆ ಖುಷಿ. ಹೊಲಕ್ಕೆ ಗೊಬ್ಬರದ ಚಕ್ಕಡಿ ಹೊಡೆದುಕೊಂಡು ಹೋದರೆ ಕಡಲೆ ಕಾಯುವ ಕೆಲಸವೂ ಆಯಿತು ಎಂದು ಇವರನ್ನು ಛೇಡಿಸುತ್ತಿದ್ದರು.

ಬಂದವರೆಲ್ಲರೂ ಹೋಗುವಾಗ ಇವರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: ಇನ್ನು ಹತ್ತು ವರ್ಷಕ್ಕೆ ಇಲ್ಲಿ ಶಿಕಾರಿ ಉಳಿದಿರುತ್ತದೆಯೇ? ಇವರು ಕೈ ಮುಗಿದು, "ಇರತೈತ್ರಿ ಸಾಹೇಬ್ರ, ಎಲ್ಲಿ ಹೋಗತೈತ್ರಿ" ಎನ್ನುತ್ತಿದ್ದರು. ಬೇರೆ ಉತ್ತರ ಕೊಟ್ಟರೆ ಮಾಫಿಯ ಬುಡಕ್ಕೆ ತಾವೇ ಕೊಡಲಿ ಹಾಕಿದ ಹಾಗೆ. ಆದರೆ ಚಾವಡಿಯಿಂದ ಯಾರಾದರೂ ಮನೆಯ ಕಡೆ ಬರುವುದು ಕಂಡರೆ ಸಾಕು, ಇವರ ಮೋರೆ ಬಿಳಿಚಿಕೊಳ್ಳುತ್ತಿತ್ತು.

ನನ್ನ ತವರು ಗಂಗಾವತಿ ಕಡೆ, ತುಂಗಭದ್ರೆಯ ದಂಡೆಯಲ್ಲಿ. ಅಲ್ಲಿ ನನ್ನ ಅಣ್ಣನೂ ಹೆಚ್ಚುಕಡಿಮೆ ಇದೇ ಕೆಲಸದವನು. ಗಾಳ ಹಾಕುವ ಶೋಕಿಯ ಸಾಹೇಬರುಗಳನ್ನು ಹರಗೋಲಿನಲ್ಲಿ ಕೂಡಿಸಿಕೊಂಡು ಬಂಡೆಗಳ ನಡುವಿನ ಮಡುಗಳಿಗೆ ಒಯ್ದು ದೊಡ್ಡ ಮೀನು ಇರುವ ಜಾಗ ತೋರಿಸುತ್ತಿದ್ದ. ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾದ ವರ್ಷ ನಾವಿಬ್ಬರೂ ತವರಿಗೆ ಹೋಗಿದ್ದೆವು. ಅಣ್ಣ ಹರಗೋಲನ್ನು ದಂಡೆಗೆ ಮಗುಚಿ ಹಾಕಿ ಕೂತಿದ್ದ.

"ಮಳಿಗಾಲಕ್ಕ ಮೀನು ತತ್ತಿ ಇಡಾಕ ಮ್ಯಾಲಕ್ಕ ಏರ್ತಾವ" ಎಂದ. "ಅಡ್ಡ ಗ್ವಾಡಿ ಕಟ್ಟಿದ್ರ ಎಲ್ಲಿ ಏರಬೇಕು ಅವು? ಇಂಜಿನಿಯರ್ ಸಾಹೇಬರನ್ನ ಕೇಳಿದೆ. ನೀರು ಭಾಳ ಆಗತೈತಿ, ಮೀನೂ ಭಾಳ ಆಗ್ತಾವ ಅಂದ್ರು. ಆದ್ರೂ ಆಗಬಹುದು. ಆದ್ರ ಅವು ನನಗ ಗುರ್ತಿರೂ ಮೀನಲ್ಲ."

"ನಿಮಗ ಗ್ವಾಡಿ ಅರ ಕಣ್ಣಿಗಿ ಕಾಣತೈತಿ, ಭಾವಾ" ಎಂದರು ಇವರು. "ನಮ್ಮ ಬಯಲಾಗ ಏನೂ ಕಾಣವಲ್ದು. ಬರೇ ಕಡಿಮಿ ಆಗಾಕ ಹತ್ಯಾವ."

ಕಟ್ಟೆಯ ಕೆಲಸಕ್ಕೆ ಕಲ್ಲು ಹೊರುವವರು ಬೇಕಾಗಿದ್ದಾರಂತೆ ಎಂದು ಅಣ್ಣ ಹೇಳಿದ. ನನಗೆ ಮಾವನ ಸೊಂಟ ನೆನಪಾಯಿತು.

ಅದರ ಮುಂದಿನ ಚಳಿಗಾಲ ತಹಶೀಲ್ದಾರರು ಒಬ್ಬ ಮುದಿ ಸಾಹೇಬರನ್ನು ಕರೆತಂದರು. ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಸಂಭಾವಿತ ಮನುಷ್ಯ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೋಟಾರಿನಿಂದ ಹೊಡೆಯುವುದು ಕಸಾಯಿಯ ಕೆಲಸ ಎಂದು ಅವರೇ ಅಂದರಂತೆ. ಅವರಿಗೆ ಬೇಕಾದದ್ದು ಒಂದೇ ಒಂದು ಕರಿ ಗಂಡು, ಅದೂ ನಡೆದು ಹೋಗಿ ಹೊಡೆದದ್ದು. ಇಡೀ ದಿನ ಇವರು ಚಕ್ಕಡಿ ಹೊಡೆದರು. ಹಿಂಡು ಹತ್ತಿರ ಬಿಡಲೇ ಇಲ್ಲ. ಸಂಜೆಗೆ ತಹಶೀಲ್ದಾರರು ನಮ್ಮ ಅಂಗಳದಲ್ಲೇ ನಿಂತು ಕೂಗಾಡಿದರು.

"ನಾಳೆ ಸಾಹೇಬರ ಕೈಗಿ ಚಿಗರಿ ಸಿಗಬೇಕು. ಇಲ್ಲಾಂದ್ರ ನಿನ್ನ ಮಾಫಿ ಖತಂ. ಚಿಗರಿ ತೋರಸಲಾರದ ಶಿಕಾರಿಯವಗ ಮಾಫಿ ಯಾತಕ?"

ಅವರು ಹೋದ ಮೇಲೆ ಇವರು ರೊಟ್ಟಿಯ ಮುಂದೆ ಕೂತರು. ನನ್ನ ಮೋರೆ ನೋಡದೆ ಹೇಳಿದರು.

"ಇವತ್ತು ನೀ ಬುತ್ತಿ ತಗೊಂಡು ಬಂದಾಗ ಅವು ಓಡಲಿಲ್ಲ."

"ಎಂದ ಓಡ್ಯಾವ್ರಿ ನನ್ನ ಕಂಡು?" ಎಂದೆ. ಹಾಗೆ ಕೇಳುವಾಗಲೇ ಮಾತು ಎಲ್ಲಿಗೆ ಹೊರಟಿದೆ ಎಂದು ಗೊತ್ತಾಗಿ ನನ್ನ ಕೈಯಲ್ಲಿದ್ದ ಪಲ್ಲೆಯ ಸೌಟು ಅಲ್ಲೇ ನಿಂತಿತು.

"ಸಾಹೇಬರು ನಿನ್ನ ಬೆನ್ನ ಹಿಂದ ಬಂದ್ರ, ಕಂಬಳಿ ಹೊದ್ದು, ಬಗ್ಗಿ..."

ನನಗೆ ಸಿಟ್ಟು ಬಂತು. ಬಂದೂಕಿನ ಭಯ ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟು. "ಚಕ್ಕಡಿ ಮ್ಯಾಲಿನ ನಂಬಿಗಿ ಕೆಡಿಸಿದ್ರಿ. ಈಗ ಉಳದಾಕಿ ನಾ ಒಬ್ಬಾಕಿ. ನನ್ನ ಕಂಡೂ ಓಡೂಹಂಗ ಮಾಡ್ತೀರೇನು? ಆ ಬಯಲಾಗ ದಿನಾ ಒಬ್ಬಾಕಿನ ಹೋಗ್ತೀನಿ. ಅವು ಮೇಯ್ತಿದ್ರ ನಡೀತೀನಿ, ತಲಿ ಎತ್ತಿದ್ರ ನಿಂದರ್ತೀನಿ. ಅವನ್ನ ಬಿಟ್ರ ನನಗ ಕಾವಲು ಯಾರದಾರ ಹೇಳ್ರಿ."

"ಒಂದ ಸಲ" ಎಂದರು ಇವರು. "ಒಂದ ಸಲಕ್ಕ ಏನಾಗತೈತಿ?"

ಒಲೆಯ ಮುಂದಿದ್ದ ಅತ್ತೆ ಎದ್ದು ಬಂದರು. "ಆಕೀನ ಬಿಡು. ನಾ ಹೋಗ್ತೀನಿ. ನಂದೂ ಬುತ್ತಿ ಹೊತ್ತ ತಲೀನ."

"ಯವ್ವಾ, ನೀ ಇರೂದ ಮೊಣಕಾಲುದ್ದ. ನಿನ್ನ ಹಿಂದ ಬೆಕ್ಕ ಸುದ್ದಾ ಅಡಗೂದಿಲ್ಲ."

ಅತ್ತೆಗೇ ಮೊದಲು ನಗು ಬಂತು, ಆಮೇಲೆ ನನಗೂ, ಇವರಿಗೂ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತಾಗ ಯಾರೂ ಏನೂ ಹೇಳದೆಯೇ ತೀರ್ಮಾನವಾಗಿತ್ತು. ಇವರು ಬೇಡಿಕೊಂಡದ್ದೂ ಇಲ್ಲ, ಗದರಿಸಿದ್ದೂ ಇಲ್ಲ. ನಾನು ಹೋಗದಿದ್ದರೆ ಬೆಳಗಾದರೆ ಇವರ ತಲೆಯ ಮೇಲೆ ಪೆಟ್ಟಿಗೆ ಬರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮರುದಿನ ಬಿಸಿಲೇರಿದ ಮೇಲೆ ಎಂದಿನ ಹೊತ್ತಿಗೆ ಹೊರಟೆ. ಸಾಹೇಬರು ಸಪ್ಪಳವಾಗದಿರಲಿ ಎಂದು ಬೂಟು ಕಳಚಿ ಬರಿಗಾಲಲ್ಲಿ ನಿಂತಿದ್ದರು. ಬೆಳ್ಳಗಿನ ಮೆತ್ತನೆಯ ಪಾದಗಳು, ಕಂಡು ನನಗೆ ಅಯ್ಯೋ ಅನ್ನಿಸಿತು. ಕರಿ ಕಂಬಳಿ ಹೊದ್ದು ಬಗ್ಗಿ ನನ್ನ ಹಿಂದೆ ನಿಂತು, ತಮಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ, "ಡರಬೇಡ ತಂಗಿ" ಎಂದರು. ನನಗಿಂತ ಅವರ ಉಸಿರೇ ಜೋರಾಗಿತ್ತು. ಅವರು ಬುಟ್ಟಿಯನ್ನು ಬೆರಳಿನಿಂದ ತಟ್ಟಿದಾಗ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂಡಬೇಕು, ಅವರು ನನ್ನ ತಲೆಯ ಮೇಲಿನಿಂದ ಹೊಡೆಯುತ್ತಾರೆ ಎಂದು ಇವರು ಹೇಳಿಕೊಟ್ಟಿದ್ದರು.

"ದಿನಾ ನಡದಂಗ ನಡಿ" ಎಂದದ್ದು ಇವರ ಕೊನೆಯ ಮಾತು. ಅದೇ ನನಗೆ ಆಗದೆ ಹೋಯಿತು. ದಿನಾ ನಾನು ಹೇಗೆ ನಡೆಯುತ್ತೇನೆ? ಬಲಗೈ ಬುಟ್ಟಿಗೆ ಕೊಡುತ್ತೇನೆಯೋ ಎಡಗೈಯೋ? ಕಣ್ಣು ದಾರಿಯ ಮೇಲೆ ಇರುತ್ತದೆಯೋ ಹಿಂಡಿನ ಮೇಲೋ? ಏನೂ ನೆನಪಾಗಲಿಲ್ಲ. ಕಾಲು ಒಂದರ ಮುಂದೊಂದು ಇಡುವುದೂ ಯೋಚಿಸಿ ಇಡುವ ಕೆಲಸವಾಯಿತು. ಬೆನ್ನಿನ ನಡುವೆ, ಬಂದೂಕಿನ ಬಾಯಿ ಇರಬಹುದೆಂದು ನಾನು ಅಂದುಕೊಂಡ ಜಾಗದಲ್ಲಿ, ಚಳಿಗಾಲದಲ್ಲೂ ಬೆವರು ಇಳಿಯುತ್ತಿತ್ತು. ಈ ಮುದುಕರು ಎಡವಿದರೆ? ಬಂದೂಕು ತಾನಾಗಿಯೇ ಹಾರಿದರೆ? ಇಷ್ಟೆಲ್ಲ ಭಯ ನನ್ನ ನಡಿಗೆಯಲ್ಲಿ ಕಾಣುತ್ತಿರಬೇಕು, ಹಿಂಡು ಓಡುತ್ತದೆ, ಓಡಲೇಬೇಕು ಎಂದುಕೊಂಡೆ. ಓಡಿದರೆ ನಮ್ಮ ಮನೆ ಹೋಯಿತು. ಓಡದಿದ್ದರೆ ನಾನು ಹೋದೆ. ಯಾವುದಾಗಲಿ ಎಂದು ದೇವರನ್ನು ಕೇಳಬೇಕೋ ಗೊತ್ತಾಗದೆ ಸುಮ್ಮನೆ ನಡೆದೆ.

ಅವು ಓಡಲಿಲ್ಲ. ಒಂದು ಹೆಣ್ಣು ತಲೆಯೆತ್ತಿ ನನ್ನನ್ನು ನೋಡಿತು, ಬಾಲ ಅಲ್ಲಾಡಿಸಿತು, ಮತ್ತೆ ಮೇಯತೊಡಗಿತು. ಕರಿ ಗಂಡು ಇನ್ನೊಂದರ ಹಿಂದೆ ಬಿದ್ದು ನಮ್ಮ ಕಡೆಗೇ ನಡೆದು ಬಂತು. ಬುಟ್ಟಿಯ ಮೇಲೆ ಬೆರಳು ತಟ್ಟಿತು.

ನಾನು ಕೂತೆ. ನೆತ್ತಿಯ ಮೇಲೆ ಆಕಾಶ ಬಿರಿದ ಹಾಗಾಯಿತು. ಮೊಸರಿನ ಗಡಿಗೆ ಉರುಳಿ ಕತ್ತಿನ ಮೇಲೆ ತಣ್ಣಗೆ ಸುರಿದಾಗ ರಕ್ತವೇ ಎಂದು ಚೀರಿದೆ. ಚೀರಿದ್ದು ನನಗೇ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಕರಿ ಗಂಡು ಬಿದ್ದು ಕಾಲು ಬಡಿಯುತ್ತಿತ್ತು. ಉಳಿದವು ನೆಗೆನೆಗೆದು ಓಡಿ, ಹಳ್ಳದ ಹತ್ತಿರ ನಿಂತು ತಿರುಗಿ ನೋಡಿದವು. ಅಲ್ಲಿ ಕಂಬಳಿ ಕಿತ್ತೊಗೆದು ಎದ್ದು ನಿಂತ ಸಾಹೇಬರಿದ್ದರು, ಕೂಗುತ್ತ ಓಡಿ ಬರುತ್ತಿದ್ದ ತಹಶೀಲ್ದಾರರಿದ್ದರು, ಇವರಿದ್ದರು. ಆದರೂ ಅವು ನೋಡಿದ್ದು ನನ್ನನ್ನು ಎಂದು ನಾನು ಹೇಳಿದರೆ ನೀವು ನಗುತ್ತೀರಿ. ನಗಿರಿ. ಅಲ್ಲಿದ್ದವಳು ನಾನು.

ಸಾಹೇಬರು ನನಗೆ ಕೈಯೆತ್ತಿ ಸಲಾಮು ಮಾಡಿ ಹೋದರು. ಮಾಫಿ ಉಳಿಯಿತು. ಆ ಚಿಗರಿಯ ಕಾಲೊಂದನ್ನು ನಮ್ಮ ಮನೆಗೆ ಕೊಟ್ಟಿದ್ದರು. ನಾನು ಆ ಪಾತ್ರೆಯನ್ನು ಮುಟ್ಟಲಿಲ್ಲ, ಅತ್ತೆಯೂ ಮುಟ್ಟಲಿಲ್ಲ. ಇವರು ಒಬ್ಬರೇ ಕೂತು ಎರಡು ತುತ್ತು ತಿಂದು ಎದ್ದರು.

ಒಂದು ಸಲ ಎಂದದ್ದು ಒಂದೇ ಸಲಕ್ಕೆ ಮುಗಿಯಲಿಲ್ಲ. ಮುದಿ ಸಾಹೇಬರು ಹೋದಲ್ಲೆಲ್ಲ ಈ ಹೊಸ ಶಿಕಾರಿಯ ಕಥೆ ಹೇಳಿಕೊಂಡರಂತೆ. ಬಂದವರೆಲ್ಲ "ಬುತ್ತಿಯವಳೆಲ್ಲಿ" ಎಂದು ಕೇಳತೊಡಗಿದರು. ಬರುಬರುತ್ತ ದಾರಿ ತೋರಿಸುವವಳು ನಾನೇ ಆದೆ, ಇವರು ದೂರದಲ್ಲಿ ಎತ್ತು ಹಿಡಿದು ನಿಲ್ಲುವವರಾದರು. ಗಾಳಿಯ ದಿಕ್ಕು ನೋಡುವುದು, ಹಿಂಡಿನ ಯಾವ ಹೆಣ್ಣು ಮೊದಲು ಅನುಮಾನಪಡುತ್ತದೆ ಎಂದು ಗುರುತಿಸುವುದು, ಹಿಂದಿರುವ ಸಾಹೇಬರಿಗೆ ಬೆರಳಿನಲ್ಲೇ ಸನ್ನೆ ಮಾಡುವುದು ಎಲ್ಲವೂ ಬಂತು. ಬಂತೆಂದು ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಪ್ರತಿ ಸಲವೂ ಹಿಂಡು ಮೊದಲಿಗಿಂತ ದೂರದಲ್ಲೇ ತಲೆಯೆತ್ತುತ್ತಿತ್ತು. ಎರಡನೆಯ ಚಳಿಗಾಲ ಮುಗಿಯುವುದರೊಳಗೆ ತಲೆಯ ಮೇಲೆ ಬುಟ್ಟಿ ಇರುವ ಯಾವ ಹೆಂಗಸನ್ನು ಕಂಡರೂ ಓಡತೊಡಗಿದವು. ನಾನಾದರೇನು, ಓಣಿಯ ಮುದುಕಿಯಾದರೇನು.

"ನಿನ್ನ ಚಿಗರಿ ನಮ್ಮನ್ನೂ ಸಾಹೇಬ್ರು ಅಂತ ತಿಳಕೊಂಡಾವಲ್ಲವಾ" ಎಂದು ಹೊಲಕ್ಕೆ ಹೋಗುವ ಹೆಂಗಸರು ನಗುತ್ತಿದ್ದರು. ನನಗೆ ನಗಲು ಆಗುತ್ತಿರಲಿಲ್ಲ.

ಆಮೇಲೆ ಸಾಹೇಬರುಗಳು ಬರುವುದೇ ನಿಂತಿತು. ಅದು ನಿಜಾಮರ ರಾಜ್ಯದ ಕೊನೆಯ ಚಳಿಗಾಲ. ಊರೂರಲ್ಲಿ ಗದ್ದಲ. ಆಯುಧ ಹಿಡಿದ ಜನ ಗುಂಪುಗುಂಪಾಗಿ ತಿರುಗುತ್ತಿದ್ದಾರೆ, ಒಂಟಿ ಸಿಕ್ಕವರನ್ನು ಬಿಡುವುದಿಲ್ಲ ಎಂದು ಸುದ್ದಿ. ಎಷ್ಟೋ ಮನೆಗಳವರು ಎತ್ತು ಕಟ್ಟಿಕೊಂಡು ಗಡಿಯಾಚೆ ಹೋದರು. ಮುಂದೆ ಆ ರಾಜ್ಯವೂ ಹೋಯಿತು, ಅದರ ಜೊತೆ ಬಿಟ್ಟಿಯೂ ಎಲ್ಲರ ಮನೆಗೂ ಮಾಫಿಯಾಯಿತು. ಅಷ್ಟು ಬೆಲೆ ಕೊಟ್ಟು ನಾವು ಉಳಿಸಿಕೊಂಡದ್ದು ಊರಿಗೆಲ್ಲ ಪುಕ್ಕಟೆ ಸಿಕ್ಕಿತು. ಆದರೆ ಆ ಚಳಿಗಾಲದಲ್ಲಿ ಅದು ಯಾರಿಗೆ ಗೊತ್ತಿತ್ತು? ಜೋಳ ಆಳೆತ್ತರ ನಿಂತಿತ್ತು. ಬಿಟ್ಟು ಹೋಗುವ ಹಾಗಿರಲಿಲ್ಲ. ಇವರು ಹೊಲದ ಅಟ್ಟದ ಮೇಲೆ ಕಾವಲಿದ್ದರು, ನಾನು ಬುತ್ತಿ ಒಯ್ಯಲೇಬೇಕಾಗಿತ್ತು.

ಒಂದು ದಿನ ಗಾಯರಾಣದ ನಡುವೆ ಬಂದಿದ್ದೆ. ಉಳಿದ ಒಂದು ಹಿಡಿ ಚಿಗರಿಗಳು ನಮ್ಮ ಜೋಳದ ಅಂಚಿನಲ್ಲಿ ಮೇಯುತ್ತಿದ್ದವು. ಒಮ್ಮೆಲೆ ತಲೆಯೆತ್ತಿದವು, ಓಡಿ ಹೋದವು. ನಾನು ನಿಂತೆ. ಓಡಿದರೆ ಹೊಳ್ಳಿ ಬಾ ಎಂದಿದ್ದರು ಅತ್ತೆ. ಆದರೆ ಅವು ಯಾರನ್ನು ಕಂಡು ಓಡಿದವು? ನನ್ನನ್ನೇ? ಇಲ್ಲ ಜೋಳದ ಒಳಗೆ ಯಾರಾದರೂ ಕೂತಿದ್ದಾರೆಯೇ? ತೆನೆಗಳು ಅಲ್ಲಾಡುತ್ತಿದ್ದವು. ಗಾಳಿಗೆ ಅಲ್ಲಾಡುತ್ತಿದ್ದವೋ ಏನೋ. ಇವರನ್ನು ಕೂಗಬೇಕೆಂದರೆ ಯಾರಿಗೆ ಕೇಳಿಸೀತೋ ಎಂಬ ಹೆದರಿಕೆ. ತಿರುಗಿ ಹೋಗಬೇಕೆಂದರೆ ಅಲ್ಲಿ ಇವರಿಗೇನಾದರೂ ಆಗಿದ್ದರೆ? ನೆತ್ತಿ ಸುಡುವವರೆಗೆ ಅಲ್ಲೇ ನಿಂತಿದ್ದು, ಕೊನೆಗೆ ಬಾಯಲ್ಲಿ ದೇವರ ಹೆಸರು ಹೇಳುತ್ತ ಜೋಳದೊಳಗೆ ನುಗ್ಗಿ ನಡೆದೆ. ರವದಿಯ ಎಲೆ ಮೈಗೆ ತಾಗಿದಾಗಲೆಲ್ಲ ಯಾರದೋ ಕೈ ಅನ್ನಿಸುತ್ತಿತ್ತು.

ಇವರು ಅಟ್ಟದ ಮೇಲೆ ಆರಾಮಾಗಿ ಕೂತು ಕವಣೆ ತಿರುಗಿಸುತ್ತಿದ್ದರು. ನನ್ನ ಮೋರೆ ಕಂಡು ಕೆಳಗೆ ಇಳಿದರು. ಬುಟ್ಟಿ ಇಳಿಸಿ ನಾನು ಅತ್ತುಬಿಟ್ಟೆ. ಮರುದಿನವೂ ಅವು ಹಾಗೆಯೇ ಓಡಿದವು, ನಾನು ಹಾಗೆಯೇ ನಿಂತೆ, ಹಾಗೆಯೇ ಅಳುತ್ತ ಬಂದೆ. ಇವರಿಗೆ ಬೇಸರ ಬಂತು.

"ನಿನ್ನೀನೂ ಯಾರೂ ಇದ್ದಿಲ್ಲ, ಇವತ್ತೂ ಯಾರೂ ಇಲ್ಲ. ಮತ್ಯಾಕ ಹಿಂಗ ಅಂಜತಿ?"

"ಇದ್ದಿದ್ರ ನನಗ ಹೆಂಗ ಗೊತ್ತಾಗ್ತಿತ್ರಿ?" ಎಂದೆ.

ಮರುದಿನದಿಂದ ಇವರೇ ಊರ ಅಂಚಿನವರೆಗೆ ನಡೆದು ಬಂದು ಬುಟ್ಟಿ ಇಸಕೊಂಡು ಹೋದರು. ನನ್ನನ್ನು ಆ ಬಯಲಿಗೆ ಕರೆಯಲಿಲ್ಲ.